ಒರೆಸಿದ ಚುಕ್ಕೆ

ಜನವರಿ 10

ಪ್ರೀತಿಯ ಮಾವ,

ಬೆಂಕಿಪೊಟ್ಟಣ ಭದ್ರವಾಗಿ ತಲುಪಿತು. ಅಂಚೆಯವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಒಳಗೇನ್ರೀ, ಹಲ್ಲಾ?" ಅಂದ. "ನಕ್ಷತ್ರ" ಅಂದೆ. ಮೇಲಿಂದ ಕೆಳಗೆ ಒಮ್ಮೆ ನೋಡಿ ಹೋದ. ಮುಂದಿನ ಸಲ ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಒಂದಿಷ್ಟು ಹತ್ತಿ ಸುತ್ತು. ನಿಮ್ಮ ಗುಡ್ಡದ ಆಚೆಗೆ ಫೋನಿನ ಸಿಗ್ನಲ್ ಇಲ್ಲ, ಬೀದಿದೀಪವಿಲ್ಲ. ಅದಕ್ಕೇ ಅಲ್ಲಿಯ ಆಕಾಶ ಅಷ್ಟು ಕಪ್ಪು, ಅದಕ್ಕೇ ನಮ್ಮಿಬ್ಬರದು ಈ ಅಂಚೆ ವ್ಯವಹಾರ. ಒಂದು ಕಾರ್ಡು ಕಳೆದುಹೋದರೆ ಮೂರು ರಾತ್ರಿಯ ಚಳಿ ಕಳೆದುಹೋದ ಹಾಗೆ.

ಮೂರು ರಾತ್ರಿ, ನೂರಾ ಹದಿನೆಂಟು ಚಿತ್ರ, ಒಂದೊಂದೂ ಐದು ನಿಮಿಷದ್ದು. ಗಡಿಯಾರ ರಿಪೇರಿ ಬಿಟ್ಟು ಹತ್ತು ವರ್ಷವಾದರೂ ನಿನ್ನ ಹಲ್ಲುಚಕ್ರಗಳು ದೂರದರ್ಶಕವನ್ನು ಎಷ್ಟು ನುಣುಪಾಗಿ ತಿರುಗಿಸುತ್ತಿವೆ ಎಂದರೆ ಒಂದು ನಕ್ಷತ್ರವೂ ಉದ್ದ ಎಳೆದಿಲ್ಲ. ಫೋಕಸ್ ಅಂತೂ ಸೂಜಿಮೊನೆ. ಹೋದ ವರ್ಷ ಇಷ್ಟು ಚೆನ್ನಾಗಿರಲಿಲ್ಲ, ಏನು ಮಾಡಿದೆ?

ಈಗ ವಿಷಯಕ್ಕೆ ಬರುತ್ತೇನೆ. ಆ ಸುರುಳಿ ಗ್ಯಾಲಕ್ಸಿಯ ಎರಡನೇ ತೋಳು ಬಾಗುವ ಕಡೆ ಒಂದು ಚುಕ್ಕೆ ಇದೆ. ಹೋದ ವರ್ಷ ನೀನು ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಆಗ ಅದು ಇರಲಿಲ್ಲ. ಕ್ಯಾಮೆರಾದಲ್ಲಿ ಕೆಟ್ಟ ಪಿಕ್ಸೆಲ್ ಇರಬಹುದೇ ಅಂದುಕೊಂಡೆ. ಆದರೆ ಐದು ಚಿತ್ರಕ್ಕೊಮ್ಮೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು ನಿನ್ನ ಪದ್ಧತಿ. ಆಗ ನಕ್ಷತ್ರಗಳೆಲ್ಲ ಒಂಚೂರು ಸರಿಯುತ್ತವೆ, ಕೆಟ್ಟ ಪಿಕ್ಸೆಲ್ ಮಾತ್ರ ಇದ್ದಲ್ಲೇ ಇರುತ್ತದೆ. ಇದು ನಕ್ಷತ್ರಗಳ ಜೊತೆಗೇ ಸರಿಯುತ್ತಿದೆ. ಇನ್ನೊಂದು ಮಾತು: ಐದನೇ ತಾರೀಕಿಗಿಂತ ಏಳನೇ ತಾರೀಕು ಅದು ತುಸು ದಪ್ಪವಾಗಿದೆ.

ನನಗೆ ಏನೇನೋ ಅನ್ನಿಸುತ್ತಿದೆ. ಆದರೆ ನಾನು ಎಕ್ಸ್‌ರೇ ತೆಗೆಯುವವಳು, ಆಕಾಶ ಓದುವವಳಲ್ಲ. ನೀನೇ ನೋಡಿ ಹೇಳು. ಅಲ್ಲಿವರೆಗೆ ಯಾರಿಗೂ ಬಾಯಿ ಬಿಡುವುದಿಲ್ಲ.

ಅತ್ತೆಗೆ ನೆನಪು ಹೇಳು.

ನಿನ್ನ
ಚೂಟಿ


ಜನವರಿ 13

ಚೂಟಿ,

ನಿನ್ನ ಕಾಗದ ಬಂತು. ಆಸ್ಪತ್ರೆಯ ಕಣ್ಣು ನಿನ್ನದು. ಬಿಳಿ ಗೋಡೆ ಕಂಡರೂ ಅದಕ್ಕೇನು ಕಾಯಿಲೆ ಎಂದು ಹುಡುಕುತ್ತೀಯ. ಕಾರ್ಡು ಕಳಿಸುವ ಮೊದಲು ಒಂದೊಂದು ಚಿತ್ರವನ್ನೂ ಕ್ಯಾಮೆರಾದಲ್ಲಿ ನೋಡಿದ್ದೇನೆ. ಅಲ್ಲಿ ಏನೂ ಇಲ್ಲ. ಕ್ಯಾಮೆರಾ ಹಳೆಯದು, ಗಾಜಿನೊಳಗೆ ಎಲ್ಲೋ ಬೆಳಕು ತಿರುಗಿ ಹೊಡೆದಿರುತ್ತದೆ. ಒರೆಸಿಬಿಡು.

ಇದೇ ಇಪ್ಪತ್ತೈದಕ್ಕೆ ನಮ್ಮ ಆಕಾಶ ವೀಕ್ಷಕರ ಸಂಘದ ವಾರ್ಷಿಕ ಪ್ರದರ್ಶನ. ಹೋದ ವರ್ಷದ ಚಿತ್ರದಲ್ಲಿ ಮೂಲೆಯಲ್ಲೊಂದು ಧೂಳಿನ ಕಲೆ ಉಳಿದಿತ್ತು. ಕಾರ್ಯದರ್ಶಿ ಎಲ್ಲರ ಮುಂದೆ, "ಇದೇನು, ಗಡಿಯಾರದ ಎಣ್ಣೆ ತೊಟ್ಟಿಕ್ಕಿದೆಯಾ?" ಎಂದು ನಗಿಸಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವರೆಲ್ಲ ಕಾಲೇಜಿನಲ್ಲಿ ಪಾಠ ಹೇಳಿದವರು, ನಾನು ಅಂಗಡಿಯ ಬಾಗಿಲಲ್ಲಿ ಕೂತು ಮುಳ್ಳು ಸರಿಮಾಡಿದವನು. ಈ ಸಲ ಬೆರಳು ತೋರಿಸಲು ಅವರಿಗೆ ಜಾಗವಿರಬಾರದು.

ಒರೆಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಸ್ಸಿಗೆ ಕೊಟ್ಟು ಕಳಿಸು.

ಮಾವ


ಜನವರಿ 17

ಮಾವ,

ಇನ್ನೊಂದು ಸಲ ಹೇಳುತ್ತೇನೆ, ಬೈದರೆ ಬೈದುಕೋ. ತಿರುಗಿ ಹೊಡೆದ ಬೆಳಕು ದಿನದಿಂದ ದಿನಕ್ಕೆ ದಪ್ಪವಾಗುವುದಿಲ್ಲ. ನೂರಾ ಹದಿನೆಂಟರಲ್ಲಿ ಮಂಜು ಕವಿದ ಆರನ್ನು ಬಿಟ್ಟರೆ ನೂರಾ ಹನ್ನೆರಡರಲ್ಲೂ ಅದು ಇದೆ. ಏನೂ ಇಲ್ಲ ಎಂದು ನೀನು ಹೇಗೆ ಬರೆದೆಯೋ ನನಗೆ ಅರ್ಥವಾಗಲಿಲ್ಲ.

ಆದರೂ ಮೂವತ್ತು ವರ್ಷ ಭೂತಗನ್ನಡಿ ಕಣ್ಣಿಗಿಟ್ಟು ಕೂತವನು ನೀನು. ನೋಡುವುದು ಹೇಗೆಂದು ನನಗೆ ಕಲಿಸಿದವನೂ ನೀನೇ. ಒರೆಸಿದ್ದೇನೆ. ಸುತ್ತಲಿನ ಬೂದು ಬಣ್ಣವನ್ನೇ ಎಳೆದು ಮುಚ್ಚಿದ್ದೇನೆ, ಗುರುತು ಉಳಿದಿಲ್ಲ. ಒರೆಸುವಾಗ ಕೈ ಬರಲಿಲ್ಲ ಎನ್ನುವುದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಪ್ರಿಂಟು ಇವತ್ತಿನ ಬಸ್ಸಿನಲ್ಲಿ ಬರುತ್ತದೆ. ಮೂಲ ಕಾರ್ಡು ನನ್ನ ಹತ್ತಿರವೇ ಇರಲಿ.

ಚೂಟಿ


ಜನವರಿ 29

ಚೂಟಿ,

ನೀನು ಬರಬೇಕಿತ್ತು. ಬಾಗಿಲ ಎದುರಿನ ಗೋಡೆ ನಮಗೆ ಕೊಟ್ಟಿದ್ದರು. ಕೆಳಗೆ ನನ್ನ ಹೆಸರು, ಅದರ ಕೆಳಗೆ 'ಗಡಿಯಾರ ದುರಸ್ತಿಗಾರರು, ನಿವೃತ್ತ' ಅಂತ. ಬಂದವರೆಲ್ಲ ಒಳಗೆ ಕಾಲಿಡುತ್ತಲೇ ನಿಂತುಬಿಡುತ್ತಿದ್ದರು. ಕಾಲೇಜಿನ ಹುಡುಗಿಯರ ಗುಂಪೊಂದು ನನ್ನನ್ನು ಸುತ್ತುವರಿದು ಅರ್ಧ ಗಂಟೆ ಪ್ರಶ್ನೆ ಕೇಳಿತು. ಹಲ್ಲುಚಕ್ರ ಎಂದರೇನು ಎನ್ನುವುದನ್ನೇ ಎಂಟು ಸಲ ಹೇಳಿರಬೇಕು. ಕಾರ್ಯದರ್ಶಿ ಎಲ್ಲರ ಎದುರು ನನ್ನ ಕೈ ಕುಲುಕಿ, "ಒಂದು ಕಲೆ ಇಲ್ಲ ನೋಡ್ರಿ, ಒಂದು ಕಲೆ ಇಲ್ಲ" ಅಂದರು. ನಿನ್ನ ಅತ್ತೆ ಹೊಸ ಸ್ವೆಟರ್ ಹಾಕಿಕೊಂಡು ಬಂದಿದ್ದಳು.

ಇನ್ನೊಂದು ಸಣ್ಣ ಸಂಗತಿ. ಅದೇ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಿದೆಯಂತೆ. ಈ ತಿಂಗಳ ಹದಿಮೂರರಂದು ದೂರದ ದೇಶದಲ್ಲಿ ಯಾರೋ ಕಂಡು ವರದಿ ಮಾಡಿದ್ದಾರೆ. ಏಳನೇ ತಾರೀಕಿನವರೆಗಿನ ನಮ್ಮ ಚಿತ್ರದಲ್ಲಿ ಆ ಜಾಗ ಖಾಲಿ ಇರುವುದರಿಂದ, ಅದು ಸಿಡಿದದ್ದು ಏಳರ ನಂತರವೇ ಎಂದು ಕಾರ್ಯದರ್ಶಿ ವೀಕ್ಷಣಾಲಯಕ್ಕೆ ಬರೆದಿದ್ದಾರೆ. ನಮ್ಮ ಚಿತ್ರವನ್ನೇ ಸಾಕ್ಷಿಯಾಗಿ ಲಗತ್ತಿಸಿದ್ದಾರೆ.

ನಿನ್ನ ಆ ಚುಕ್ಕೆಯ ವಿಷಯ ಈಗ ಎತ್ತುವುದು ಬೇಡ.

ಮಾವ


ಫೆಬ್ರವರಿ 3

ಮಾವನವರಿಗೆ,

ಇನ್ನು ಮೇಲೆ 'ನೀವು' ಎಂದೇ ಬರೆಯುತ್ತೇನೆ. ಅಷ್ಟು ದೂರದಲ್ಲಿ ನಿಂತು ಮಾತಾಡಿದರೇ ವಾಸಿ.

ನಿಮ್ಮ ಕಾಗದವನ್ನು ಆಸ್ಪತ್ರೆಯ ಊಟದ ಕೋಣೆಯಲ್ಲಿ ಓದಿದೆ. ಓದಿ, ಊಟದ ಡಬ್ಬಿ ಮುಚ್ಚಿ ಎದ್ದುಬಂದೆ. ಮನೆಗೆ ಬಂದು ಆ ವರದಿಯನ್ನು ಹುಡುಕಿ, ನಮ್ಮ ಮೂಲ ಚಿತ್ರದ ಪಕ್ಕದಲ್ಲಿಟ್ಟೆ. ಅದೇ ತೋಳು, ಅದೇ ಬಾಗು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಒರೆಸಿದ್ದು ನಕ್ಷತ್ರವನ್ನು. ಒರೆಸು ಎಂದು ನೀವು ಬರೆದ ಕಾಗದದ ಮೇಲಿರುವ ತಾರೀಕು ಜನವರಿ ಹದಿಮೂರು. ಅಲ್ಲಿ ಯಾರೋ 'ಕಂಡೆ' ಎಂದು ಬರೆದ ದಿನವೇ ಇಲ್ಲಿ ನೀವು 'ಇಲ್ಲ' ಎಂದು ಬರೆದಿರಿ.

ಮೊದಲು ಕಂಡವರು ನಾವಾಗಬಹುದಿತ್ತು. ಅದು ಹೋಯಿತು, ಹೋಗಲಿ. ಹೊಟ್ಟೆ ಉರಿದದ್ದು ಅದಕ್ಕಲ್ಲ. 'ಸಣ್ಣ ಸಂಗತಿ' ಅಂದಿರಲ್ಲ, ಅದಕ್ಕೆ. ಏಳನೇ ತಾರೀಕು ಅಲ್ಲಿ ಏನೂ ಇರಲಿಲ್ಲ ಎನ್ನುವ ಹಸಿ ಸುಳ್ಳು ಈಗ ಒಂದು ವೀಕ್ಷಣಾಲಯದ ಕಡತದಲ್ಲಿ ಕೂತಿದೆ. ಸಾಕ್ಷಿ ನಮ್ಮ ಚಿತ್ರ! ಗುರುತು ಉಳಿಯದ ಹಾಗೆ ಸಾಕ್ಷಿ ತಯಾರಿಸಿಕೊಟ್ಟವಳು ನಾನು. ಆ ಸ್ಫೋಟದ ಲೆಕ್ಕ ಹಾಕುವವರು ನಮ್ಮನ್ನು ನಂಬಿ ತಪ್ಪು ಲೆಕ್ಕ ಹಾಕುತ್ತಾರೆ. ಇದೆಲ್ಲ ತಿಳಿದೂ ನೀವು ಅತ್ತೆಯ ಸ್ವೆಟರಿನ ಸುದ್ದಿ ಬರೆಯುತ್ತೀರಿ!

ಕಾರ್ಯದರ್ಶಿಗೆ ನಿಜ ಹೇಳಿ. ನಾಳೆಯೇ ಬಸ್ಸು ಹತ್ತಿ.

ನಿಮ್ಮ ಅಕ್ಕನ ಮಗಳು


ಫೆಬ್ರವರಿ 9

ಚೂಟಿ,

ನೀನು ಹೇಳುವಷ್ಟು ದೊಡ್ಡದೇನಲ್ಲ. ಆಕಾಶದಲ್ಲಿ ದಿನಾ ಸಾವಿರ ನಕ್ಷತ್ರ ಸಿಡಿಯುತ್ತವೆ. ನಮ್ಮದೊಂದು ಚಿತ್ರದಿಂದ ಯಾವ ವಿಜ್ಞಾನವೂ ಮುಳುಗುವುದಿಲ್ಲ. ಈ ವಯಸ್ಸಿನಲ್ಲಿ ಇಡೀ ಸಂಘದ ಮುಂದೆ ತಲೆ ತಗ್ಗಿಸಿ ನಿಲ್ಲು ಅನ್ನುತ್ತೀಯಲ್ಲ, ಅದು ನಿನಗೆ ಸುಲಭ. ನೀನು ಇಲ್ಲಿ ಬದುಕಬೇಕಾಗಿಲ್ಲ.

ಕಾರ್ಡು ನನ್ನದು. ಮರು ಟಪಾಲಿಗೆ ವಾಪಸು ಕಳಿಸು.

ಮಾವ


ಫೆಬ್ರವರಿ 12

ಮಾವನವರಿಗೆ,

ಕಾರ್ಡು ಕಳಿಸುವುದಿಲ್ಲ. ಯಾಕೆ ಬೇಕಾಗಿದೆ ಎಂದು ಕೇಳುವಷ್ಟು ದಡ್ಡಿಯೂ ನಾನಲ್ಲ. ನಾಲ್ಕು ಪ್ರತಿ ಮಾಡಿ ನಾಲ್ಕು ಕಡೆ ಇಟ್ಟಿದ್ದೇನೆ.

ನಿಮಗೆ ಇದುವರೆಗೆ ಹೇಳದ ಒಂದು ಸಂಗತಿ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಬ್ಬ ಎಲೆಕ್ಟ್ರಿಷಿಯನ್ ಭುಜ ನೋವು ಎಂದು ನಮ್ಮ ಕೋಣೆಗೆ ಬಂದ. ಏಣಿಯಿಂದ ಬಿದ್ದಿದ್ದನಂತೆ. ಬಿದ್ದ ರೀತಿಯನ್ನು ಅಭಿನಯಿಸಿ ತೋರಿಸಿ ನನ್ನನ್ನೇ ನಗಿಸಿದ. ಭುಜದ ಎಕ್ಸ್‌ರೇ ತೆಗೆದೆ. ಫಿಲ್ಮಿನ ಅಂಚಿನಲ್ಲಿ ಶ್ವಾಸಕೋಶದ ಒಂದು ತುದಿಯೂ ಬಂದಿತ್ತು, ಅದರಲ್ಲೊಂದು ಉರುಟು ನೆರಳು, ಅಂಗಿಯ ಗುಂಡಿಯಷ್ಟು. ಫಿಲ್ಮ್ ಓದುವ ಡಾಕ್ಟರಿಗೆ ತೋರಿಸಿದೆ. ಅವರು ಕತ್ತೆತ್ತದೆ, "ಭುಜ ಕೇಳಿದ್ರು, ಭುಜ ತೆಗೆದಿದ್ದೀಯ. ತೆಗೆಯೋದು ನಿನ್ನ ಕೆಲಸ, ಓದೋದು ನಂದು" ಅಂದರು. ವರದಿಯಲ್ಲಿ 'ಮೂಳೆ ಮುರಿದಿಲ್ಲ' ಎಂದಷ್ಟೇ ಬರೆದರು. ಅದು ನಿಜವೇ, ಮುರಿದಿರಲಿಲ್ಲ.

ಏಳು ತಿಂಗಳ ನಂತರ ಅದೇ ಮನುಷ್ಯ ಕೆಮ್ಮುತ್ತಾ ಬಂದ. ಈ ಸಲ ಎದೆಯ ಎಕ್ಸ್‌ರೇ. ನೆರಳು ಅಂಗೈಯಷ್ಟಾಗಿತ್ತು. ನನ್ನ ಗುರುತು ಹಿಡಿದು, "ಮೇಡಂ, ಈ ಸಲ ಏಣಿಯಿಂದ ಬಿದ್ದಿಲ್ಲ" ಎಂದು ನಕ್ಕ. ಆಮೇಲೆ ಅವನು ಬರಲಿಲ್ಲ.

ಅವತ್ತು ನಾನು ಜೋರಾಗಿ ಹೇಳಬೇಕಿತ್ತು. ಕೇಳದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬೇಕಿತ್ತು. ದೊಡ್ಡವರು ಇಲ್ಲ ಅಂದರು ಎಂದು ನನ್ನ ಕಣ್ಣನ್ನೇ ನಾನು ಅನುಮಾನಿಸಿದೆ. ನಕ್ಷತ್ರ ಸಿಡಿದರೆ ಯಾರೂ ಸಾಯುವುದಿಲ್ಲ, ಗೊತ್ತು. ಆದರೆ ಕಂಡದ್ದನ್ನು ಕಾಣಲಿಲ್ಲ ಎಂದು ಎರಡನೇ ಸಲ ಹೇಳುವುದು ನನ್ನಿಂದಾಗದು.

ಮಾರ್ಚ್ ಎರಡಕ್ಕೆ ಸಂಘದ ಸಭೆ ಇದೆಯಲ್ಲವೇ? ಅವತ್ತು ನೀವು ಹೇಳಿ. ಹೇಳದಿದ್ದರೆ ಮರುದಿನ ನಾನು ಬರೆಯುತ್ತೇನೆ.

ನಿಮ್ಮ ಅಕ್ಕನ ಮಗಳು


ಮಾರ್ಚ್ 4

ಮಾನ್ಯರೇ,

ಮೊನ್ನೆಯ ಸಭೆಯಲ್ಲಿ ನಮ್ಮ ಹಿರಿಯ ಸದಸ್ಯರೂ ನಿಮ್ಮ ಸೋದರಮಾವನವರೂ ಆದ ಗಡಿಯಾರದವರು ಒಂದು ವಿಷಯವನ್ನು ಬಹಳ ಸಂಕೋಚದಿಂದ ತಿಳಿಸಿದರು. ಅವರ ಚಿತ್ರವನ್ನು ಸಿದ್ಧಪಡಿಸುವಾಗ ನೀವು ತಿಳಿಯದೆ ಆ ಹೊಸ ನಕ್ಷತ್ರವನ್ನು ಧೂಳೆಂದು ಭಾವಿಸಿ ಅಳಿಸಿಹಾಕಿದಿರಂತೆ. ಇದಕ್ಕಾಗಿ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಹೊಸಬರಿಂದ ಇಂಥ ತಪ್ಪುಗಳು ಆಗುವುದು ಸಹಜ. ಚಿತ್ರಗಳನ್ನು ಸುಂದರಗೊಳಿಸುವ ಉತ್ಸಾಹದಲ್ಲಿ ಹೆಣ್ಣುಮಕ್ಕಳು ಒಂದಿಷ್ಟು ಹೆಚ್ಚೇ ತಿದ್ದುತ್ತಾರೆ ಎಂಬುದು ನಮ್ಮ ಅನುಭವ. ನಿಮ್ಮ ಮಾವನವರು ನಿಮ್ಮ ಪರವಾಗಿ ಕ್ಷಮೆ ಕೇಳಿದ್ದು ಎಲ್ಲರ ಮನಸ್ಸನ್ನು ತಟ್ಟಿತು.

ಮೂಲ ಚಿತ್ರಗಳು ಉಳಿದಿದ್ದಲ್ಲಿ ದಯವಿಟ್ಟು ಕಳಿಸಿಕೊಡಿ.

ಇಂತು,
ಕಾರ್ಯದರ್ಶಿ
ಹವ್ಯಾಸಿ ಆಕಾಶ ವೀಕ್ಷಕರ ಸಂಘ


ಮಾರ್ಚ್ 6

ಮಾವನವರಿಗೆ,

ನನ್ನ ಪರವಾಗಿ ಕ್ಷಮೆ ಕೇಳಿದಿರಂತೆ. ಎಲ್ಲರ ಮನಸ್ಸು ತಟ್ಟಿತಂತೆ. ಕಾರ್ಯದರ್ಶಿಯ ಕಾಗದದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. 'ತಿಳಿಯದೆ' ಎನ್ನುವ ಪದದ ಕೆಳಗೆ ನಾನು ಗೆರೆ ಎಳೆದಿದ್ದೇನೆ. ನಿಮ್ಮ ಜನವರಿ ಹದಿಮೂರರ ಕಾಗದವೂ ನನ್ನ ಹತ್ತಿರವೇ ಇದೆ. ಅದರಲ್ಲಿ 'ಒರೆಸಿ' ಎನ್ನುವುದು ಎರಡು ಸಲ ಬಂದಿದೆ.

ಸುಮ್ಮನಿದ್ದಿದ್ದರೆ ಹೇಡಿ ಎಂದುಕೊಳ್ಳುತ್ತಿದ್ದೆ. ನೀವು ಸುಮ್ಮನಿರಲಿಲ್ಲ.

ಎಕ್ಸ್‌ರೇ ವಿಭಾಗದವಳು


ಮಾರ್ಚ್ 11

ಚೂಟಿ ಪುಟ್ಟಾ,

ಇದು ಅತ್ತೆ ಬರೆಯುತ್ತಿರುವುದು. ನಿನ್ನ ಮಾವನಿಗೆ ಗೊತ್ತಿಲ್ಲ. ಅವರು ಹಿತ್ತಲಿನಲ್ಲಿ ದೂರದರ್ಶಕದ ಕಾಲಿಗೆ ಎಣ್ಣೆ ಹಾಕುತ್ತಿದ್ದಾರೆ. ಅರ್ಧ ಎಣ್ಣೆ ನೆಲಕ್ಕೆ ಹೋಗುತ್ತಿದೆ.

ಅವರಿಗೆ ಕಣ್ಣು ಕಾಣುವುದಿಲ್ಲ ಕಣೇ. ಒಂದೂವರೆ ವರ್ಷವಾಯಿತು. ನೇರವಾಗಿ ಏನನ್ನು ನೋಡಿದರೂ ನಡುವೆ ಮಸಿ ಬಳಿದ ಹಾಗೆ, ಸುತ್ತ ಅಂಚು ಮಾತ್ರ ಕಾಣುತ್ತದಂತೆ. ಡಾಕ್ಟರು ಇದು ವಾಪಸು ಬರುವಂಥದ್ದಲ್ಲ ಅಂದರು. ಯಾರಿಗೂ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಿನಗಂತೂ ಹೇಳಲೇಕೂಡದು ಎಂದರು. ಫೋಕಸ್ ಸೂಜಿಮೊನೆ ಎಂದು ಬರೆದಿದ್ದೆಯಲ್ಲ, ಅದು ನಾನು ಮಾಡಿದ್ದು. ಅವರು ಪಕ್ಕದಲ್ಲಿ ನಿಂತು, "ಸಣ್ಣ ಆಯ್ತಾ? ಇನ್ನೂ ಸಣ್ಣ ಆಗುತ್ತಾ ನೋಡೇ" ಅನ್ನುತ್ತಾರೆ, ನಾನು ತಿರುಪು ತಿರುಗಿಸುತ್ತೇನೆ. ಮೊದಲು ಬೈದುಕೊಂಡು ಮಾಡುತ್ತಿದ್ದೆ, ಈಗ ನನಗೂ ರುಚಿ ಹತ್ತಿದೆ.

ಒಂದೊಂದು ಚಿತ್ರವನ್ನೂ ನೋಡಿದ್ದೇನೆ ಎಂದು ನಿನಗೆ ಬರೆದರಲ್ಲ, ಒಂದನ್ನೂ ನೋಡಿಲ್ಲ. ನೋಡಲಾರರು. ಕಾರ್ಡು ಆಗಲೇ ನಿನ್ನ ಕೈ ಸೇರಿತ್ತು, ಇಲ್ಲದಿದ್ದರೆ ನಾನಾದರೂ ನೋಡುತ್ತಿದ್ದೆ. "ಅವಳು ಅಷ್ಟು ಹೇಳ್ತಿದ್ದಾಳಲ್ಲ, ಇರ್ಲಿ ಬಿಡಿ" ಅಂದೆ. "ನಿಂಗೊತ್ತಾಗಲ್ಲ ಸುಮ್ನಿರು" ಅಂದರು. ನಲವತ್ತೊಂದು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ, ಕೇಳಿ ಸುಮ್ಮನಿದ್ದೆ. ಸಭೆಯಲ್ಲಿ ಎದ್ದು ನಿಂತಾಗ ನಿಜ ಹೇಳುತ್ತಾರೆ ಎಂದೇ ಅಂದುಕೊಂಡಿದ್ದೆ. ಬಾಯಿಯಿಂದ ಹೊರಟದ್ದು ನಿನ್ನ ಹೆಸರು. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ನಿನ್ನ ಕಾಗದಗಳನ್ನು ಅವರಿಗೆ ಓದಿ ಹೇಳುವವಳೂ ನಾನೇ. ಉತ್ತರ ಮಾತ್ರ ಅವರು ಹಾಳೆಯ ಮೇಲೆ ಸ್ಕೇಲು ಇಟ್ಟುಕೊಂಡು ಕೈ ಅಭ್ಯಾಸದಿಂದ ತಾವೇ ಬರೆಯುತ್ತಾರೆ, ನಿನಗೆ ಅನುಮಾನ ಬರಬಾರದೆಂದು. ನೀನು 'ನೀವು' ಎಂದು ಬರೆದಲ್ಲೆಲ್ಲ 'ನೀನು' ಎಂದು ಓದಿದ್ದೇನೆ. ಕೊನೆಯ ಕಾಗದವನ್ನಂತೂ ಓದಲೇ ಇಲ್ಲ. ಅಂಚೆ ಬರಲಿಲ್ಲ ಅಂದೆ. ಅದು ನನ್ನ ತಪ್ಪು.

ನೀನು ಕ್ಷಮಿಸಬೇಕು ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಗೊತ್ತಿಲ್ಲದೆ ಬೈಯುವುದಕ್ಕಿಂತ ಗೊತ್ತಿದ್ದು ಬೈಯುವುದು ಮೇಲು ಎಂದು ಬರೆದೆ.

ಅತ್ತೆ


ಮಾರ್ಚ್ 16

ಅತ್ತೇ, ಇದನ್ನು ಬರೆದ ಹಾಗೇ ಓದು. ಒಂದಕ್ಷರ ಬದಲಿಸಬೇಡ. ನೀನು ನನಗೆ ಬರೆದದ್ದು ಈಗ ಮಾವನಿಗೂ ಗೊತ್ತಾಗುತ್ತದೆ, ಗೊತ್ತಾಗಲಿ.

ಮಾವನವರಿಗೆ,

ನಿಮ್ಮ ಕಣ್ಣಿನ ವಿಷಯ ತಿಳಿಯಿತು. ಅವತ್ತು ಪೂರ್ತಿ ಅಳುತ್ತಿದ್ದೆ. ಮರುದಿನ ಎದ್ದಾಗ ಸಿಟ್ಟು ಇಳಿದಿರಬಹುದು ಅಂದುಕೊಂಡಿದ್ದೆ. ಇಳಿದಿರಲಿಲ್ಲ, ಇಮ್ಮಡಿಯಾಗಿತ್ತು. ಯಾಕೆಂದು ಹೇಳುತ್ತೇನೆ, ಕೇಳಿ.

ಕಣ್ಣು ಕಾಣದಿರುವುದು ತಪ್ಪಲ್ಲ. ಅದನ್ನು ಮುಚ್ಚಿಟ್ಟದ್ದೂ ನನಗೆ ಅರ್ಥವಾಗುತ್ತದೆ. ಆದರೆ ನಿಮಗೆ ಕಾಣುವುದಿಲ್ಲ ಎನ್ನುವುದನ್ನು ಮುಚ್ಚಿಕೊಳ್ಳಲು ನನಗೆ ಕಂಡದ್ದನ್ನು ಸುಳ್ಳು ಮಾಡಿದಿರಿ. 'ನೋಡಿದ್ದೇನೆ, ಏನೂ ಇಲ್ಲ' ಅಂದಿರಿ. 'ನನಗೆ ಕಾಣುತ್ತಿಲ್ಲ, ನೀನು ಸರಿಯಾಗಿ ನೋಡಿದ್ದೀಯಾ?' ಎಂದು ಕೇಳಿದ್ದರೆ ನಾನು ಆ ರಾತ್ರಿಯ ಬಸ್ಸಿಗೇ ಹೊರಟು ಬರುತ್ತಿದ್ದೆ. ನಿಮ್ಮ ಪಕ್ಕದಲ್ಲಿ ಕೂತು ನೂರಾ ಹದಿನೆಂಟನ್ನೂ ಒಂದೊಂದಾಗಿ ಹೇಳುತ್ತಿದ್ದೆ. ನನ್ನ ಮಾವನಿಗೆ ನನ್ನ ಕಣ್ಣಿಗಿಂತ ಸಂಘದವರ ಬಾಯಿ ದೊಡ್ಡದಾಯಿತು. ಅದು ನನಗೆ ನುಂಗಲಾಗುತ್ತಿಲ್ಲ.

ಆಸ್ಪತ್ರೆಯ ಆ ಡಾಕ್ಟರು ನನಗೆ ಯಾರೂ ಅಲ್ಲ. ಅವರು 'ತೆಗೆಯೋದು ನಿನ್ನ ಕೆಲಸ' ಅಂದಾಗ ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ನೀವು ಅದೇ ಮಾತು ಹೇಳಿದಾಗ ಹಲ್ಲು ಕೂಡ ಕಚ್ಚಲಿಲ್ಲ, ಸರಿಯೆಂದು ಒಪ್ಪಿಕೊಂಡೆ. ನೋಡಿ, ಎಷ್ಟು ನಂಬಿದ್ದೆ!

ನನ್ನ ಪಾಲನ್ನೂ ಹೇಳುತ್ತೇನೆ. ಒರೆಸಿದ ಕೈ ನನ್ನದು. ಯಾರೋ ಹೇಳಿದರು ಎನ್ನುವುದು ನನಗೂ ನೆಪವಾಗಬಾರದು. ಇವತ್ತು ಕಾರ್ಯದರ್ಶಿಗೆ ನೂರಾ ಹದಿನೆಂಟು ಮೂಲ ಚಿತ್ರಗಳನ್ನೂ ಕಳಿಸಿದ್ದೇನೆ. ಒಂದು ಕಾಗದವನ್ನೂ ಇಟ್ಟಿದ್ದೇನೆ: 'ಚುಕ್ಕೆಯನ್ನು ಕಂಡವಳು ನಾನು, ಅದು ಧೂಳಲ್ಲ ಎಂದು ಗೊತ್ತಿದ್ದೂ ಅಳಿಸಿದವಳೂ ನಾನು. ತಿಳಿಯದೆ ಮಾಡಿದ್ದಲ್ಲ. ಹೆಣ್ಣುಮಗಳೆಂದು ಮಾಡಿದ್ದೂ ಅಲ್ಲ. ವೀಕ್ಷಣಾಲಯಕ್ಕೆ ಕಳಿಸಿದ ಚಿತ್ರವನ್ನು ಇವತ್ತೇ ಹಿಂದಕ್ಕೆ ಪಡೆಯಿರಿ.' ಅಳಿಸು ಎಂದವರು ಯಾರು ಎಂಬುದನ್ನು ಬರೆದಿಲ್ಲ. ಅದನ್ನು ನಾನು ಹೇಳಿದರೆ ದೂರು ಹೇಳಿದಂತಾಗುತ್ತದೆ. ನೀವು ಹೇಳಿದರೆ ಮಾತ್ರ ನಿಜವಾಗುತ್ತದೆ.

ಹೇಳುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ನಾನು ಇನ್ನು ಕಾಗದ ಬರೆಯುವುದಿಲ್ಲ.

ನಿಮ್ಮ ಅಕ್ಕನ ಮಗಳು


ಏಪ್ರಿಲ್ 7

ಚೂಟಿ,

ಕೈಬರಹ ನಿನ್ನ ಅತ್ತೆಯದು, ಮಾತು ನನ್ನದು. ನಡುವೆ ಅವಳು ಏನಾದರೂ ಸೇರಿಸಿದರೆ ನನಗೆ ಗೊತ್ತಾಗುವುದಿಲ್ಲ. (ಸೇರಿಸುತ್ತಿಲ್ಲ. — ಅತ್ತೆ)

ನಿನ್ನ ಕಾಗದವನ್ನು ನೀನು ಬರೆದ ಹಾಗೇ ಅವಳು ಓದಿದಳು. ಮೊದಲ ಸಾಲಿನ 'ನಿಮ್ಮ' ಕೇಳುತ್ತಲೇ, "ಯಾರಿಗೆ ಬರೆದಿದ್ದಾಳೆ ಇದನ್ನ?" ಎಂದು ಕೇಳಿದೆ. "ನಿಮಗೇ" ಅಂದಳು. ಫೆಬ್ರವರಿಯಿಂದ ಹೀಗೇ ಇದೆ ಎಂದೂ ಹೇಳಿದಳು. ಹಳೆಯ ಕಾಗದಗಳನ್ನೆಲ್ಲ ತರಿಸಿ ಇನ್ನೊಂದು ಸಲ ಓದಿಸಿದೆ. ಆಮೇಲೆ ಎರಡು ವಾರ ಹಿತ್ತಲಿನಲ್ಲೇ ಕಳೆದೆ. (ಊಟಕ್ಕೂ ಕರೆದು ಕರೆದು ಸಾಕಾಯಿತು. — ಅತ್ತೆ)

ಮೊನ್ನೆ ಸಭೆಗೆ ಹೋದೆ. ವರದಿ ವಾಚನ ಮುಗಿಯುತ್ತಲೇ ಎದ್ದು ನಿಂತೆ. ಕಾರ್ಯದರ್ಶಿ, "ಆಯ್ತಲ್ಲ ಬಿಡಿ, ಹೋದ ತಿಂಗಳೇ ಹೇಳಿದ್ರಲ್ಲ" ಅಂದರು.

"ಹೋದ ತಿಂಗಳು ಹೇಳಿದ್ದು ಸುಳ್ಳು" ಅಂದೆ. "ಒರೆಸು ಅಂತ ಬರೆದವನು ನಾನು. ಅವಳು ಎರಡು ಸಲ ಚುಕ್ಕೆ ಇದೆ ಅಂದ್ಲು. ನೋಡಿದ್ದೀನಿ, ಏನೂ ಇಲ್ಲ ಅಂತ ಬಾಯಿ ಮುಚ್ಚಿಸಿದೆ."

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಅಂದ್ರೆ ನೀವು ಆ ಚುಕ್ಕೆ ನೋಡಿದ್ರಾ?" ಎಂದು ಕೇಳಿದರು.

"ಇಲ್ಲ. ನಂಗೆ ಕಾಣಲ್ಲ. ನಿಮ್ಮ ಮುಖಾನೂ ಕಾಣ್ತಿಲ್ಲ, ದನಿ ಕೇಳಿ ನೀವು ಅಂತ ಹೇಳ್ತಿದ್ದೀನಿ. ಒಂದೂವರೆ ವರ್ಷದಿಂದ ಹೀಗೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುರುಡ ಆಕಾಶದ ಫೋಟೋ ತೆಗೀತಾನಂತೆ ಎನ್ನುವ ಮಾತೂ ಕೇಳಿಸಿತು. ನಿನ್ನ ಅತ್ತೆ ಹಿಂದಕ್ಕೆ ತಿರುಗಿ, "ನಗೋರು ಎದ್ದು ನಿಂತು ನಗಿ, ಯಾರು ಅಂತ ನಾನಾದ್ರೂ ನೋಡ್ತೀನಿ. ಫೋಕಸ್ ಮಾಡಿದ್ದು ನಾನು. ನಿಮ್ಮಲ್ಲಿ ಯಾರ ಚಿತ್ರ ಅಷ್ಟು ಚೊಕ್ಕ ಬಂದಿದೆ, ತೋರಿಸಿ" ಅಂದಳು. ಒಬ್ಬನೂ ಏಳಲಿಲ್ಲ. (ಒಬ್ಬೊಬ್ಬರ ಮುಖವನ್ನೂ ನೋಡಿಯೇ ಕೂತೆ. ಇದು ನಾನು ಸೇರಿಸಿದ್ದು. — ಅತ್ತೆ)

ಆಮೇಲೆ ಗೋಡೆಯ ಹತ್ತಿರ ಹೋಗಿ, ಪ್ರದರ್ಶನದ ದಿನದಿಂದ ಅಲ್ಲೇ ತೂಗುತ್ತಿದ್ದ ನಮ್ಮ ಚಿತ್ರವನ್ನು ಇಳಿಸಿದೆ. ಮೊಳೆ ಎಲ್ಲಿದೆಯೆಂದು ಸಿಗಲಿಲ್ಲ, ಗೋಡೆ ತಡವಿ ಹುಡುಕಿದೆ. ಅಷ್ಟೂ ಹೊತ್ತು ಎಲ್ಲರೂ ನೋಡುತ್ತಿದ್ದರು. ನಾನು ಹೆದರಿದ್ದು ಇದಕ್ಕೇ. ಹೆದರಿದಷ್ಟೇ ಕೆಟ್ಟದಾಗಿತ್ತು, ಕಡಿಮೆಯೇನಿರಲಿಲ್ಲ. ಆದರೆ ಮುಗಿಯಿತು.

ವೀಕ್ಷಣಾಲಯದ ಉತ್ತರವನ್ನೂ ಅವತ್ತೇ ಓದಿದರು. ಹಳೆಯ ಟಿಪ್ಪಣಿಯನ್ನು ರದ್ದು ಮಾಡಿದ್ದಾರೆ. ಆ ನಕ್ಷತ್ರದ ಚಿತ್ರಗಳಲ್ಲಿ ಈವರೆಗೆ ಸಿಕ್ಕಿರುವುದರಲ್ಲೆಲ್ಲ ನಮ್ಮ ಜನವರಿ ಐದರದ್ದೇ ಮೊದಲಿನದಂತೆ. ಮೂರು ರಾತ್ರಿ ಅದು ಬೆಳಗುತ್ತಾ ಹೋದ ಬಗೆ ಅವರಿಗೆ ಬಹಳ ಬೇಕಾದ ಮಾಹಿತಿಯಂತೆ. ಹೆಸರು ಕೇಳಿದ್ದರು. ಕಾರ್ಯದರ್ಶಿ ಸಂಘದ ಹೆಸರನ್ನು ಮೊದಲು ಹಾಕೋಣ ಅಂದರು. ಆಗದು ಅಂದೆ. ಕಂಡವಳು ನೀನು, ನಿನ್ನದು ಮೊದಲು. ಆಮೇಲೆ ನಿನ್ನ ಅತ್ತೆಯದು. ಆಮೇಲೆ ನನ್ನದು. ಹಾಗೇ ಬರೆಸಿ, ಓದಿಸಿ ಕೇಳಿ, ಸಹಿ ಹಾಕಿ ಬಂದೆ.

ಕ್ಷಮಿಸು ಎಂದು ಕೇಳಲು ನಾಲಿಗೆ ಏಳುತ್ತಿಲ್ಲ. ಸಭೆಯಲ್ಲಿ ನಿನ್ನ ಪರವಾಗಿ ಕೇಳಿದಾಗ ಆ ಮಾತು ಎಷ್ಟು ಸಲೀಸಾಗಿ ಬಂದಿತ್ತು! ಒಂದನ್ನು ಮಾತ್ರ ಕೇಳುತ್ತೇನೆ. ಮೂರು ತಿಂಗಳು ಆ ಚುಕ್ಕೆಯ ಮೇಲೆ ನಿನ್ನ ಜೊತೆ ಜಗಳವಾಡಿದ್ದೇನೆ. ಇನ್ನೂ ಅದನ್ನು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಅದು ಹೇಗಿದೆ, ಬರಿ.

ಮೊನ್ನೆ ಅಮಾವಾಸ್ಯೆಯ ಆಚೀಚೆ ನಾವಿಬ್ಬರೂ ತೆಗೆದ ಚಿತ್ರಗಳ ಕಾರ್ಡು ಇದರ ಜೊತೆಗಿದೆ. ನಾನು ನೋಡಿಲ್ಲ.

ಮಾವ


ಏಪ್ರಿಲ್ 12

ಮಾವ,

ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತಿದ್ದೇನೆ. ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಅರ್ಧ ಉಳಿದಿದೆ, ಅದರಲ್ಲಿ ಒಂದಿಷ್ಟು ನಿನ್ನ ಸಂಘದವರಿಗೆ ವರ್ಗವಾಗಿದೆ. ಕಾರ್ಯದರ್ಶಿ ನನಗೊಂದು ಆಮಂತ್ರಣ ಕಳಿಸಿದ್ದಾರೆ: 'ಚಿತ್ರ ಸಂಸ್ಕರಣೆಯಲ್ಲಿ ಮಹಿಳೆಯರು' ಎಂದು ಮುಂದಿನ ತಿಂಗಳು ಭಾಷಣ ಮಾಡಬೇಕಂತೆ. ಹೋದ ಕಾಗದಕ್ಕೆ ಒಂದು ಸಾಲಿನ ವಿಷಾದವೂ ಇಲ್ಲ! ಬರುತ್ತೇನೆ ಎಂದು ಉತ್ತರಿಸಿದ್ದೇನೆ. ಆದರೆ ವಿಷಯ ನನ್ನದು, ಅತ್ತೆಯೂ ನನ್ನ ಜೊತೆ ವೇದಿಕೆಯ ಮೇಲಿರಬೇಕು, ಮಾರ್ಚ್ ನಾಲ್ಕರ ಅವರ ಕಾಗದವನ್ನು ಮೊದಲು ಓದಿ ಆಮೇಲೆ ಮಾತು ಶುರುಮಾಡುತ್ತೇನೆ ಎಂದೂ ಬರೆದಿದ್ದೇನೆ. ಇನ್ನೂ ಮಾರುತ್ತರ ಬಂದಿಲ್ಲ.

ಈಗ ನೀನು ಕೇಳಿದ್ದು. ಅತ್ತೆ, ನಿಧಾನವಾಗಿ ಓದು.

ಅದು ನೋಡಲು ವಿಶೇಷವಾಗೇನೂ ಇಲ್ಲ ಮಾವ. ಗ್ಯಾಲಕ್ಸಿ ಎಂದರೆ ಲೋಟದಲ್ಲಿ ಕದಡಿದ ಹಾಲು ಇನ್ನೂ ಸುತ್ತುತ್ತಿರುವ ಹಾಗೆ. ನಡುವೆ ಹಳದಿ, ಅಂಚಿಗೆ ಹೋದಂತೆ ನೀಲಿ. ಎರಡನೇ ತೋಳು ನಿನ್ನ ಎಡಗಡೆಗೆ ಹೊರಟು, ಮಡಿಸಿದ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನ ಹೊರ ಅಂಚಿನಲ್ಲಿ, ಎರಡು ಮಂಕು ನಕ್ಷತ್ರಗಳ ನಡುವೆ, ಇವನು ಕೂತಿದ್ದಾನೆ. ಜನವರಿ ಐದರಂದು ಅನುಮಾನ ಬರುವಷ್ಟು ಸಣ್ಣ. ಆರರಂದು ಅನುಮಾನವಿಲ್ಲ. ಏಳರಂದು ಪಕ್ಕದ ಎರಡೂ ನಕ್ಷತ್ರಗಳಿಗಿಂತ ಬೆಳ್ಳಗೆ, ನೀಲಿಯ ಕಡೆಗೆ ವಾಲಿದ ಬಿಳಿ, ಗಟ್ಟಿ ಅಂಚು. ಇಷ್ಟೇ. ಇಷ್ಟಕ್ಕೆ ನಾವಿಬ್ಬರೂ ಅಷ್ಟು ಕೂಗಾಡಿದ್ದು.

ನೀನು ಕಳಿಸಿದ ಹೊಸ ಕಾರ್ಡಿನಲ್ಲಿ ಬಣ್ಣ ತಿರುಗಿದೆ. ಈಗ ಕಿತ್ತಳೆಗೆ ಬಂದಿದೆ. ಇಳಿಯುತ್ತಿದೆ. ನನ್ನ ಅಂದಾಜಿನಲ್ಲಿ ಇನ್ನೆರಡು ತಿಂಗಳಿಗೆ ನಮ್ಮ ಕ್ಯಾಮೆರಾಕ್ಕೆ ಸಿಗುವುದಿಲ್ಲ. ವೀಕ್ಷಣಾಲಯದವರು ನನಗೂ ಬರೆದಿದ್ದಾರೆ. ಇಳಿಯುವ ಬಗೆಯೂ ಅವರಿಗೆ ಬೇಕಂತೆ, ಪೂರ್ತಿ ಆರುವವರೆಗೆ. ಆದ್ದರಿಂದ ಚಂದ್ರನಿಲ್ಲದ ಯಾವ ರಾತ್ರಿಯನ್ನೂ ಬಿಡಬೇಡಿ. ಮೋಡ ಅರ್ಧ ಇದ್ದರೂ ತೆಗೆಯಿರಿ, ಕೆಟ್ಟದ್ದನ್ನು ಇಲ್ಲಿ ನಾನು ಆರಿಸುತ್ತೇನೆ. ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಬರುತ್ತೇನೆ. ಆಗ ಚಿತ್ರ ಬಂದ ಹಾಗೇ ನಿನ್ನ ಪಕ್ಕದಲ್ಲಿ ಕೂತು, ಎಲ್ಲಿ ಏನಿದೆ ಎಂದು ಹೇಳುತ್ತೇನೆ.

ಹೇಳಿದ್ದನ್ನು ನಂಬಬೇಕು. ನಂಬಿಕೆ ಬರದಿದ್ದರೆ, ಎರಡನೇ ಸಲ ನೋಡೇ ಎಂದು ಕೇಳಬೇಕು. ನಾನು ಮತ್ತೆ ನೋಡುತ್ತೇನೆ, ಬೇಕಾದರೆ ಹತ್ತು ಸಲ ನೋಡುತ್ತೇನೆ. ಇಲ್ಲ ಎಂದು ಮಾತ್ರ ಹೇಳಬೇಡ.

ನಿನ್ನ ಅಕ್ಕನ ಮಗಳು